ಟೋಟಲ್ ಮೇಡಂ

ಮೊದಲೇ ಹೇಳಿಬಿಡುತ್ತೇನೆ, ಅವರು ತೀರಿಕೊಂಡಿಲ್ಲ. ಇಂಥ ಬರಹದ ಮೊದಲ ಸಾಲು ಕಂಡ ಕೂಡಲೇ ಓದುವವರು ಮುಖ ಸಣ್ಣಗೆ ಮಾಡಿಕೊಂಡು 'ಅಯ್ಯೋ ಪಾಪ' ಅನ್ನೋಕೆ ರೆಡಿಯಾಗುತ್ತಾರೆ, ಅದಕ್ಕೇ ಹೇಳಿದೆ. ಗಟ್ಟಿಮುಟ್ಟಾಗಿದ್ದಾರೆ. ಈಗಲೂ ಪುಟ್ಟೇನಹಳ್ಳಿ ಕೆರೆ ಕಡೆ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ನನಗಿಂತ ಜೋರಾಗಿ ನಡೆಯುತ್ತಾರೆ. ಮೊನ್ನೆ ನಮ್ಮ ಆಫೀಸಿನಿಂದ ಅವರನ್ನು ಬೀಳ್ಕೊಟ್ಟೆವು, ಅಷ್ಟೆ. ಬೀಳ್ಕೊಟ್ಟೆವು ಅನ್ನುವುದು ಮರ್ಯಾದೆಗೆ. ಓಡಿಸಿದೆವು ಅಂತ ಬರೆದರೇ ಸರಿ. ಓಡಿಸಿದವರಲ್ಲಿ ನಾನೂ ಒಬ್ಬ.

ಆವತ್ತು ಮ್ಯಾನೇಜರ್ ಭಾಷಣ ಮಾಡಿದರು. ನಮ್ಮ ಮ್ಯಾನೇಜರ್ 'ಬೇಸಿಕಲಿ' ಅನ್ನದೆ ನೀರನ್ನೂ ಕುಡಿಯುವುದಿಲ್ಲ. "ಬೇಸಿಕಲಿ, ಮೇಡಂ ನಮಗೆ ಮಾಡಿರೋ ಸೇವೇನ, ಬೇಸಿಕಲಿ, ಲೆಕ್ಕ ಹಾಕೋಕೇ ಆಗಲ್ಲ" ಅಂದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಆ ಹೆಂಗಸು ಈ ಕಂಪನಿಯಲ್ಲಿ ಕೇಳಿದ್ದು ಒಂದೇ ಮಾತು: ಎಷ್ಟಿದೆ ಅಂತ ಎಣಿಸಿ ಹೇಳ್ರಪ್ಪಾ. ಅದನ್ನು ಮಾತ್ರ ಮಾಡಲಿಲ್ಲ. ಕೊನೆಗೆ ಶಾಲು ಹೊದಿಸಿ, ಲೆಕ್ಕ ಹಾಕೋಕೆ ಆಗಲ್ಲ ಅಂತ ಅವರ ಮುಖಕ್ಕೇ ಹೇಳಿ ಕಳಿಸಿದರು.

ನನ್ನ ಬಗ್ಗೆ ಎರಡು ಮಾತು. ನಾನು ಬಾಗಲೂರಿನವನು. ನಮ್ಮ ಮನೆಯಲ್ಲಿ ಹಾಲು ಆಲಾಗಿರುತ್ತದೆ, ಹೋಗು ಓಗಾಗಿರುತ್ತದೆ. ಯಲಹಂಕದ ಈ ಕಂಪನಿಗೆ ಸೇರಿದ ಮೊದಲ ವಾರ ಮೀಟಿಂಗಲ್ಲಿ 'ಇಂಗೆ ಮಾಡಣ ಸರ್' ಅಂದುಬಿಟ್ಟೆ, ಟೇಬಲ್ಲಿನ ಆ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರು ನನ್ನನ್ನು ನೋಡಿ ನಗುವ ಮುಂಚೆ ನಾನೇ ಅವರನ್ನು ನಗಿಸಿಬಿಟ್ಟರೆ ಬಚಾವು ಅಂತ ಅವತ್ತೇ ತೀರ್ಮಾನ ಮಾಡಿದೆ. ಮ್ಯಾನೇಜರ್ ದನಿ ಎತ್ತಿಕೊಂಡೆ. ಲಿಫ್ಟಿನೊಳಗೆ 'ಡೋರ್ಸ್ ಕ್ಲೋಸಿಂಗ್' ಅನ್ನುವ ಹೆಣ್ಣು ದನಿ ಎತ್ತಿಕೊಂಡೆ. ಕಾಫಿ ಮೆಷೀನು ಕೆಮ್ಮುವುದನ್ನೂ ಬಿಡಲಿಲ್ಲ. ಆಮೇಲೆ ಮೇಡಂ ಸಿಕ್ಕರು. ಮಿಮಿಕ್ರಿ ಮಾಡುವವನಿಗೆ ಅಂಥವರು ಸಿಗುವುದು ಹಬ್ಬ.

ಅವರು ಬಾಗಲಕೋಟೆ ಕಡೆಯವರು. ಐವತ್ತೈದು ದಾಟಿತ್ತು. ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಡೇಟಾಬೇಸ್ ನೋಡಿಕೊಳ್ಳುವುದು ಕೆಲಸ. ಅಂದರೆ ಕಂಪನಿಯ ಮಾಹಿತಿಯೆಲ್ಲ ತುಂಬಿಟ್ಟಿರುವ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿ. ನಾವು ಹುಡುಗರು ಹೊಸ ಸ್ಕ್ರೀನ್ ಮಾಡಿ ಜಂಬದಿಂದ ತೋರಿಸೋಕೆ ಹೋದರೆ ಬಣ್ಣ ನೋಡುತ್ತಿರಲಿಲ್ಲ, ಬಟನ್ ನೋಡುತ್ತಿರಲಿಲ್ಲ. ಕಣ್ಣು ಸೀದಾ ಪುಟದ ತಳಕ್ಕೆ. ಕನ್ನಡಕ ಹಣೆಗೇರಿಸಿ, ಪೆನ್ನನ್ನು ಗಾಳಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು:

"ಛಲೋ ಆಗೇತಿ ತಮ್ಮಾ. ಒಟ್ಟ ಎಷ್ಟ ಅದಾವ?"

ಉತ್ತರ ಬರುವ ತನಕ ಪೆನ್ನು ಕೆಳಗೆ ಇಳಿಯುತ್ತಿರಲಿಲ್ಲ. ಅವರಿಗೆ 'ಟೋಟಲ್ ಮೇಡಂ' ಅಂತ ಹೆಸರಿಟ್ಟಿದ್ದು ನಾನೇ. ಆ ಪೆನ್ನನ್ನು ಗಾಳಿಯಲ್ಲಿ ಹಿಡಿದು ಕ್ಯಾಂಟೀನಲ್ಲಿ, "ವಡಿ ಛಲೋ ಅದಾವ್ರಿ. ಒಟ್ಟ ಎಷ್ಟ ಅದಾವ?" ಅಂದರೆ ಸಾಕು, ಇಡೀ ಟೇಬಲ್ ಢಮಾರ್.

ಈ ಒಟ್ಟು ಅಂದರೇನು, ಸ್ವಲ್ಪ ಹೇಳಬೇಕು. ಸಾವಿರಾರು ಹೆಸರನ್ನು ಒಂದೇ ಸಲ ತೋರಿಸಿದರೆ ಕಂಪ್ಯೂಟರಿಗೂ ಕಷ್ಟ, ಕಣ್ಣಿಗೂ ಕಷ್ಟ. ಅದಕ್ಕೆ ಇಪ್ಪತ್ತಿಪ್ಪತ್ತರ ಪುಟ ಮಾಡುತ್ತೇವೆ. ಇನ್ನಿಪ್ಪತ್ತು ಬೇಕಾದರೆ 'ಮುಂದೆ' ಅನ್ನುವ ಬಟನ್ ಒತ್ತಬೇಕು. ಪುಟದ ತಳದಲ್ಲಿ '1ರಿಂದ 20, ಒಟ್ಟು ಇಷ್ಟು' ಅಂತ ಒಂದು ಸಣ್ಣ ಸಾಲಿರುತ್ತದೆ. ಯಾರೂ ನೋಡದ ಆ ಸಾಲಿನ ಕೊನೆಯ ಸಂಖ್ಯೆಗೆ ಕಂಪ್ಯೂಟರು ಬೇರೆಯದೇ ಕೆಲಸ ಮಾಡಬೇಕು. ಮುಂದಿರುವ ಇಪ್ಪತ್ತನ್ನು ಎತ್ತಿಕೊಟ್ಟರೆ ಸಾಲದು, ಉಗ್ರಾಣದ ಕಟ್ಟಕಡೆಯ ಮೂಲೆವರೆಗೂ ನಡೆದು ಎಲ್ಲವನ್ನೂ ಎಣಿಸಿ ಬರಬೇಕು. ಪಟ್ಟಿ ಉದ್ದವಾದಷ್ಟೂ ಹೊತ್ತು ಹಿಡಿಯುತ್ತೆ. ನಮ್ಮಲ್ಲಿ ಎಂಟು ಸೆಕೆಂಡು ಹಿಡಿಯುತ್ತಿತ್ತು. ಎಲ್ಲ ಜಗಳವೂ ಆ ಎಂಟು ಸೆಕೆಂಡಿನಿಂದ ಶುರುವಾಯಿತು.

ಮೇಡಂಗೆ ಈ ಒಟ್ಟಿನ ಹುಚ್ಚು ಕಂಪ್ಯೂಟರಿನಿಂದ ಹತ್ತಿದ್ದಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಮುಂಚೆಯೂ ಒಂದು ಘೋಷಣೆ ಇರುತ್ತಿತ್ತು: "ರೊಟ್ಟಿ ಒಟ್ಟ ಒಂಬತ್ತು. ಮಂದಿ ಆರು. ಒಂದೂವರಿ ತಗೋರಿ." ಒಂದು ದಿನ ನಾನು ಅವರದೇ ದನಿಯಲ್ಲಿ, "ಚಟ್ನ್ಯಾಗ ಶೇಂಗಾ ಒಟ್ಟ ಎಷ್ಟ ಅದಾವ್ರಿ?" ಅಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಅವರೂ ನಕ್ಕರು, ಕಣ್ಣೊರೆಸಿಕೊಂಡರು, ಆಮೇಲೆ ಹೇಳಿದರು.

"ನಮ್ಮೂರಾಗ ಮದುವಿ ಊಟ ಅಂದ್ರ ಪಂಕ್ತಿ, ತಮ್ಮಾ. ಒಂದ ಪಂಕ್ತಿಗೆ ನಲವತ್ತ ಎಲಿ. ನಮ್ಮವ್ವ ಬಾಗಲದಾಗ ನಿಂದ್ರತಿದ್ಲು. ಅಕಿ ಕೆಲಸ ಬಡಸೂದಲ್ಲ. ಹೊರಗ ಬಿಟ್ಟ ಚಪ್ಪಲಿ ಎಣಸೂದು. ಜೋಡಿ ಎಷ್ಟ, ಬರಿಗಾಲಾಗ ಬಂದಾವ್ರು ಎಷ್ಟ, ಎಲ್ಲಾ ಕೂಡಿಸಿ ಅಡಿಗಿಮನಿ ಕಡೆ ಒದರತಿದ್ಲು: ಇನ್ನ ಇನ್ನೂರಾ ಹತ್ತ ಮಂದಿ! ಅದನ್ನ ಕೇಳಿ ಅಡಿಗಿಯಾಂವ ಸೌಟ ಸಣ್ಣದ ಮಾಡಾಂವ."

"ಒದರದೇ ಇದ್ರೆ ಮೇಡಂ?"

"ಮೊದಲನೇ ಪಂಕ್ತಿಗೆ ಹೋಳಿಗಿ ಮ್ಯಾಲ ಹೋಳಿಗಿ. ಕಡೀ ಪಂಕ್ತಿಗೆ ಬರೇ ಎಲಿ. ಕಡೀ ಪಂಕ್ತ್ಯಾಗ ಯಾರ ಇರ್ತಾರ ಹೇಳು? ತಡಾ ಮಾಡಿ ಬಂದಾವ್ರು ಅಂತ ಅನ್ಕೋಬ್ಯಾಡ. ಜಗ್ಯಾಡಿ ಮುಂದ ಬಂದು ಕುಂಡ್ರಾಕ ಆಗಲಾರದಾವ್ರು."

ಹಾಗಂತ ಎಲ್ಲ ಕಡೆಯೂ ಹಟ ಮಾಡುತ್ತಿದ್ದರು ಅಂದರೆ ಅದು ಸುಳ್ಳು. ಒಂದು ಸಲ ಯಾವುದೋ ಹಾಡು ಕೇಳುವ ಆ್ಯಪ್ ಮಾಡುತ್ತಿದ್ದಾಗ ನಾನೇ ಬೇಕಂತ, "ಮೇಡಂ, ಒಟ್ಟು ಹಾಕ್ಲಾ?" ಅಂದೆ. "ಹಾಡಿಗ್ಯಾಕ ಬೇಕೋ ಒಟ್ಟ? ಕೇಳಾವ್ರು ಕೇಳ್ಕೋತ ಹೋಗ್ತಾರ. ಮಂದಿ ಕಾಯ್ಕೋತ ಕುಂತ ಪಟ್ಟಿ ಇದ್ರ ಅಲ್ಲಿ ಹಾಕು" ಅಂದರು.

ಮಂದಿ ಕಾಯುತ್ತಾ ಕೂತ ಪಟ್ಟಿಯೇ ಬಂತು. ನಡೆಯಲಾಗದವರಿಗೆ ಬ್ಯಾಟರಿ ಗಾಲಿಕುರ್ಚಿ ಕೊಡುವ ಒಂದು ಸಂಸ್ಥೆ, ಹೆಸರು ಬೇಡ. ದಾನಿಗಳು ಕೊಡುತ್ತಾರೆ, ಇವರು ಹಂಚುತ್ತಾರೆ. ಅರ್ಜಿಗಳ ಸಾಫ್ಟ್‌ವೇರ್ ನಮ್ಮದು. ಶುರುವಿನಲ್ಲಿ ಪುಟದ ತಳದಲ್ಲಿ ಒಟ್ಟು ಇತ್ತು. ಆಗಲೇ ನಾನು ನಮ್ಮ ಅತ್ತೆಯ ಅರ್ಜಿಯನ್ನೂ ಹಾಕಿದೆ.

ಅತ್ತೆ ಅಂದರೆ ಅಪ್ಪನ ಅಕ್ಕ, ಬಾಗಲೂರಲ್ಲೇ ಇದ್ದಾರೆ. ಸಕ್ಕರೆ ಕಾಯಿಲೆಗೆ ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು, ಇನ್ನೊಂದಕ್ಕೆ ಬಲವಿಲ್ಲ. ಮೂವತ್ತು ವರ್ಷ ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಹಾಲಿನ ಡೈರಿಗೆ ಹೋಗುತ್ತಿದ್ದವರು. ಊರಿನ ಅರ್ಧ ಸುದ್ದಿ ಡೈರಿಯಲ್ಲಿ ಹುಟ್ಟುತ್ತಿತ್ತು, ಮಿಕ್ಕರ್ಧ ಅತ್ತೆ ಹುಟ್ಟಿಸುತ್ತಿದ್ದರು. ಈಗ ಮಾವ ಅವರನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ದರದರ ಎಳೆದು ಜಗಲಿಗೆ ತರುತ್ತಾರೆ. ಎಳೆದೂ ಎಳೆದೂ ಕಾಲುಗಳು ಸವೆದು ಕುರ್ಚಿ ಒಂದು ಕಡೆ ವಾಲಿದೆ. ಡೈರಿ ಅಲ್ಲಿಂದ ಕಾಣುತ್ತೆ, ಮಾತು ಮಾತ್ರ ಕೇಳಿಸಲ್ಲ. "ಬ್ಯಾಟ್ರಿ ಗಾಡಿ ಬಂದ್ರೆ ಡೈರಿಗಂಟ ನಾನೇ ಓಗ್ತೀನಿ ಕಣ್ಲಾ" ಅನ್ನುತ್ತಿದ್ದರು. ಅವರಿಗೆ ಬೇಕಾಗಿದ್ದುದು ಅಷ್ಟೇ.

ಅಷ್ಟರಲ್ಲಿ ಎಂಟು ಸೆಕೆಂಡಿನ ದೂರು ಬಂತು. "ಬೇಸಿಕಲಿ ಸ್ಲೋ ಆಗ್ತಿದೆಯಂತೆ" ಅಂದರು ಮ್ಯಾನೇಜರ್. ನಾನು ಎದೆಯುಬ್ಬಿಸಿ ಒಂದು ಉಪಾಯ ಹೇಳಿದೆ. ಎಣಿಸೋದನ್ನೇ ಬಿಟ್ಟುಬಿಡೋಣ. ಇಪ್ಪತ್ತರ ಬದಲು ಇಪ್ಪತ್ತೊಂದು ಹೆಸರು ತರಿಸೋಣ. ಇಪ್ಪತ್ತೊಂದನೆಯದು ಬಂತೋ, ಮುಂದೆ ಇನ್ನೂ ಯಾರೋ ಇದ್ದಾರೆ ಅಂತಾಯ್ತು. 'ಮುಂದೆ' ಬಟನ್ ತೋರಿಸೋಣ, ಆ ಇಪ್ಪತ್ತೊಂದನೆಯ ಹೆಸರನ್ನು ಮುಚ್ಚಿಡೋಣ. ಒಟ್ಟು ಎಷ್ಟು ಅನ್ನುವ ರಗಳೆಯೇ ಇಲ್ಲ. ಹೊಸದೇನಲ್ಲ, ಎಷ್ಟೋ ಕಡೆ ಮಾಡುತ್ತಾರೆ. ಸ್ಕ್ರೀನ್ ಪಟ್ಟಂತ ಬರತೊಡಗಿತು. ನನಗೆ 'ಸ್ಪೀಡ್ ಹೀರೋ' ಅಂತ ಬರೆದ ಒಂದು ಕಾಫಿ ಕಪ್ಪು ಕೊಟ್ಟರು.

ಮೇಡಂ ಆ ಕಪ್ಪು ನೋಡಿದರು, ನನ್ನ ಕೋಡು ನೋಡಿದರು.

"ಅಲ್ಲೋ ತಮ್ಮಾ, ಇಪ್ಪತ್ತೊಂದನೇದಾವ್ರನ್ನ ಬಾಗಲದ ತನಕಾ ಕರಿಸಿ, ಮಾರಿ ನೋಡಿ, ಕದಾ ಹಾಕೀಯಲ್ಲೋ."

ನಾನು ಹಲ್ಲು ಕಿರಿದೆ. ಸಂಜೆಯೊಳಗೆ ಈ ಡೈಲಾಗನ್ನೂ ಕಲಿತು ಮೂರು ಟೇಬಲ್ಲಿನಲ್ಲಿ ಆಡಿ ತೋರಿಸಿದೆ. ಇವತ್ತು ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವರು ಬರೀ ಮಾತಾಡಿ ಸುಮ್ಮನಾಗಲಿಲ್ಲ. ಮೂರು ದಿನ ಕೂತು ಕೆಲಸ ಮಾಡಿದರು. ಮೊದಲು ಇಪ್ಪತ್ತು ಹೆಸರು ಬರಲಿ, ಯಾರನ್ನೂ ಕಾಯಿಸೋದು ಬೇಡ. ಒಟ್ಟು ಅದರ ಹಿಂದೆ ಬೇರೆಯಾಗಿ ಬರಲಿ. ಪ್ರತಿ ಸಲವೂ ಮೊದಲಿನಿಂದ ಎಣಿಸುವುದೇಕೆ? ಅರ್ಜಿ ಬಂದಾಗ ಒಂದು ಕೂಡಿಸಿ, ಕುರ್ಚಿ ಕೊಟ್ಟಾಗ ಒಂದು ಕಳೆಯುವ ಪುಟ್ಟ ಲೆಕ್ಕವೊಂದನ್ನು ಪಕ್ಕದಲ್ಲಿಟ್ಟರು. ಯಾರಾದರೂ ಹೆಸರು ಹಾಕಿ ಹುಡುಕಿದರೆ ಸಿಕ್ಕಿದವರು ಒಟ್ಟು ಎಷ್ಟು ಅಂತಲೂ ಬರುವ ಹಾಗೆ ಮಾಡಿದರು. ಎಂಟು ಸೆಕೆಂಡಿನ ಕೆಲಸ ಒಂದು ಸೆಕೆಂಡಿನೊಳಗೇ ಮುಗಿಯುತ್ತಿತ್ತು. ನಾನೇ ಗಡಿಯಾರ ಹಿಡಿದು ನೋಡಿದೆ. ಸ್ಪೀಡ್ ಹೀರೋನ ಕಪ್ಪು ಆವತ್ತೇ ಅವರ ಟೇಬಲ್ಲಿಗೆ ಹೋಗಬೇಕಿತ್ತು.

ಇಷ್ಟಾದ ಮೇಲೆ ಒಟ್ಟು ವಾಪಸ್ ಬರಬೇಕು ತಾನೇ? ಬರಲಿಲ್ಲ! ಸಂಸ್ಥೆಯ ಡೈರೆಕ್ಟರ್ ಜೊತೆ ಮೀಟಿಂಗಿತ್ತು, ನಾನೂ ಕೂತಿದ್ದೆ. ಮೇಡಂ ತೋರಿಸಿದರು. ಡೈರೆಕ್ಟರ್ ಗಂಟಲು ಸರಿಮಾಡಿಕೊಂಡರು.

"ಸ್ಪೀಡ್ ಚೆನ್ನಾಗಿದೆ ಮೇಡಂ. ಆದ್ರೆ ಆ ನಂಬರ್ ಬೇಡ. ನಮ್ಮ ರಿಸೆಪ್ಷನ್ ಟಿವಿಲಿ ಇದೇ ಸ್ಕ್ರೀನ್ ಓಡತ್ತೆ. ದಾನಿಗಳು ಬಂದಾಗ ಅಷ್ಟು ದೊಡ್ಡ ಬಾಕಿ ಕಂಡ್ರೆ ಚೆನ್ನಾಗಿ ಕಾಣಲ್ಲ. ಇಪ್ಪತ್ತು ಹೆಸರು ಕಂಡ್ರೆ ನೀಟಾಗಿರತ್ತೆ."

ನೀಟಾಗಿರತ್ತೆ! ಕಾಲಿಲ್ಲದವರ ಸಾಲು ಉದ್ದವಾಗಿದ್ದರೆ ನೋಡೋಕೆ ಅಸಹ್ಯವಂತೆ, ಕತ್ತರಿಸಿ ಇಪ್ಪತ್ತು ಮಾಡಿದರೆ ನೀಟಂತೆ. ಇಷ್ಟು ದಿನ ಎಂಟು ಸೆಕೆಂಡು ಎಂಟು ಸೆಕೆಂಡು ಅಂತ ನಮ್ಮ ಜೀವ ತಿಂದಿದ್ದು ಬರೀ ನೆಪ. ಮೇಡಂ ಪೆನ್ನು ಗಾಳಿಯಲ್ಲೇ ಇತ್ತು.

"ನಿಖರ ಬ್ಯಾಡಂದ್ರ ಸುಮಾರ ಅಂತರ ಹಾಕ್ರಿ ಸರ. ಸುಮಾರ ಇಷ್ಟ ಅಂತ. ಪೂರ್ತಿ ಬಾಯಿ ಮುಚ್ಚಬ್ಯಾಡ್ರಿ."

"ಬೇಸಿಕಲಿ ಕ್ಲೈಂಟ್ ಹೇಳಿದ ಮೇಲೆ ಮುಗೀತು ಮೇಡಂ" ಅಂದರು ನಮ್ಮ ಮ್ಯಾನೇಜರ್. ನಾನು? ನಾನು ಮೇಜಿನ ಕೆಳಗೆ ಫೋನ್ ನೋಡುತ್ತಿದ್ದೆ.

ಅದಾಗಿ ಕೆಲವು ತಿಂಗಳಿಗೆ ಅತ್ತೆ ಫೋನ್ ಮಾಡಿದರು. "ಏನ್ಲಾ ಮಗಾ, ನನ್ ಗಾಡಿ ಎಲ್ಲಿಗ್ ಬಂತು? ನೀನೇ ತಾನೆ ಆ ಕಂಪ್ಯೂಟ್ರು ಮಾಡಿರಾದು, ವಸಿ ನೋಡಿ ಯೇಳು."

ನೋಡಿದೆ. ಅರ್ಜಿ ನಂಬರ್ ಹಾಕಿದ್ದರೆ ಒಂದೇ ಏಟಿಗೆ ಸಿಗುತ್ತಿತ್ತು, ಆದರೆ ಆ ಚೀಟಿ ಅತ್ತೆ ಮನೆಯ ದೇವರ ಫೋಟೋ ಹಿಂದಿತ್ತು. ಹುಡುಕಿಸುವಷ್ಟು ತಾಳ್ಮೆ ನನಗೆಲ್ಲಿ? ಬಾಕಿ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಿದೆ. ನಮ್ಮ ಅತ್ತೆ ಹೆಸರು ಲಕ್ಷ್ಮಮ್ಮ. ಕರ್ನಾಟಕದಲ್ಲಿ ಲಕ್ಷ್ಮಮ್ಮಂದಿರಿಗೆ ಬರವೇ? ಮೊದಲ ಪುಟದಲ್ಲಿ ಇಪ್ಪತ್ತು ಲಕ್ಷ್ಮಮ್ಮ. ಮುಂದೆ. ಇನ್ನಿಪ್ಪತ್ತು. ಮುಂದೆ. ಒಬ್ಬರ ಊರೂ ಬಾಗಲೂರಲ್ಲ. ನಾಲ್ಕನೇ ಪುಟಕ್ಕೆ ಸಾಕಾಯಿತು. ಇನ್ನೂ ಎಷ್ಟು ಪುಟ ಇದೆ ಅಂತ ಸ್ಕ್ರೀನ್ ಹೇಳುತ್ತಿರಲಿಲ್ಲ, ಅದು ಹೇಳದ ಹಾಗೆ ಮಾಡಿದ್ದ ಹೀರೋ ನಾನೇ. ಎಂಬತ್ತು ಲಕ್ಷ್ಮಮ್ಮಂದಿರಲ್ಲಿ ಇಲ್ಲ ಅಂದರೆ ಬಾಕಿಯಲ್ಲಿಲ್ಲ, ಬಾಕಿಯಲ್ಲಿಲ್ಲ ಅಂದರೆ ಮಂಜೂರಾಗಿದೆ ಅಂತ ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡು ಫೋನ್ ಮಾಡಿದೆ.

"ಅತ್ತೆ, ಬಾಕಿ ಪಟ್ಟಿಲಿ ನಿನ್ ಹೆಸರೇ ಇಲ್ಲ. ಮಂಜೂರಾಗಿದೆ. ಇನ್ನೇನು ಬರತ್ತೆ."

ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಜಗಲಿಯ ಮೂರು ಮೆಟ್ಟಿಲು ಮಾಯ. ಮಾವ ಮೆಟ್ಟಿಲನ್ನೆಲ್ಲ ಒಡೆಸಿ, ಗಾಡಿ ಇಳಿಯೋಕೆ ಅಂತ ಸಿಮೆಂಟಿನ ಇಳಿಜಾರು ಕಟ್ಟಿಸಿದ್ದರು. ಒದ್ದೆ ಗೋಣಿಚೀಲ ಹೊದಿಸಿ ನೀರು ಹಾಕುತ್ತಿದ್ದರು. ಅತ್ತೆ ಆ ವಾಲಿದ ಕುರ್ಚಿಯಲ್ಲಿ ಮಹಾರಾಣಿಯಂತೆ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ, "ನಮ್ ಉಡುಗ ಕಂಪ್ಯೂಟ್ರಲ್ ನೋಡವ್ನೆ, ಸ್ಯಾಂಕ್ಸನ್ ಆಗದೆ" ಅಂತ ಸಾರುತ್ತಿದ್ದರು. ನನಗೆ ಅನುಮಾನ ಬಂದಿದ್ದು ಆಗ. ದೇವರ ಫೋಟೋ ಹಿಂದಿನ ಚೀಟಿ ತೆಗೆದು ನಂಬರ್ ಬರೆದುಕೊಂಡೆ.

ಸೋಮವಾರ ಬೆಳಿಗ್ಗೆ ನಂಬರ್ ಹಾಕಿ ನೋಡಿದೆ. 'ಬಾಕಿ' ಅಂತ ಬಂತು.

ಮೇಡಂ ಹತ್ತಿರ ಹೋಗಿ ನಿಂತೆ. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಹಣೆಗೇರಿಸಿದರು.

"ಎಷ್ಟನೇ ಪುಟಕ್ಕ ನಿಂತಿ?"

"ನಾಲ್ಕು, ಮೇಡಂ."

"ಒಟ್ಟ ಎಷ್ಟ ಪುಟ ಇದ್ದವು?"

ಅವರು ಎರಡು ಸಾಲು ಟೈಪ್ ಮಾಡಿದರು. ಕಾಯುತ್ತಿದ್ದ ಲಕ್ಷ್ಮಮ್ಮಂದಿರು ಒಟ್ಟು ನೂರಾ ಮೂವತ್ತೊಂದು, ಏಳು ಪುಟ. ನಮ್ಮ ಅತ್ತೆ ಏಳನೇ ಪುಟದಲ್ಲಿ ತಳದಿಂದ ಎರಡನೆಯವರು. ಇನ್ನೆರಡು ಸಾಲು ಟೈಪ್ ಮಾಡಿದರು. ಎಲ್ಲ ಹೆಸರೂ ಸೇರಿ ಬಾಕಿ ಮೂರು ಸಾವಿರದ ಎಂಟುನೂರ ಹದಿನಾರು.

"ಹೊಸಾ ಅರ್ಜಿ ಮ್ಯಾಲ ಬರ್ತಾವ, ಹಳೇವು ಕೆಳಗ ಹೋಗ್ತಾವ. ಆಫೀಸಿನಾವ್ರು ಮೊದಲನೇ ಪುಟಾ ನೋಡ್ತಾರ, ಎರಡನೇದ ನೋಡ್ತಾರ, ಮುಗೀತ ಅಂತ ಚಾ ಕುಡ್ಯಾಕ ಹೋಗ್ತಾರ. ಅವ್ರ ತಪ್ಪೂ ಅಲ್ಲ, ಇನ್ನೂ ಅದಾವ ಅಂತ ಅವ್ರಿಗೆ ಹೇಳಾವ್ರ ಯಾರು? ನಿಮ್ಮತ್ತಿ ಸಾಲಿನಾಗ ನಿಂತಾಳ ಅಂತ ತಿಳಕೊಂಡೀ ಏನ? ದಿನಾ ಒಂದೊಂದ ಮೆಟ್ಟಲಾ ಬಾವಿಯೊಳಗ ಇಳ್ಯಾಕತ್ತಾಳ."

ಮರುದಿನ ಮುಂಜಾನೆ ನಮ್ಮ ಸಾಲಿನ ವೈಟ್‌ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಸಂಖ್ಯೆ ಇತ್ತು. ಏನೂ ವಿವರಣೆಯಿಲ್ಲ, ಬರೀ ಸಂಖ್ಯೆ. ಅದರ ಮಾರನೇ ದಿನ ಒರೆಸಿ ಹೊಸದು, ನಾಲ್ಕು ಜಾಸ್ತಿ. ಯಾರು ಬಂದು ಕೇಳಿದರೂ ಮೇಡಂ ಅದೇನು ಅಂತ ಹೇಳುತ್ತಿದ್ದರು. ಕ್ಲೈಂಟ್ ಬರುವ ದಿನ ಮ್ಯಾನೇಜರ್ ಹೌಸ್‌ಕೀಪಿಂಗ್ ಹೆಂಗಸನ್ನು ಕರೆದು ಒರೆಸಿಸಿದರು. ಆಕೆ ಒರೆಸಿ ಹೋದ ಮೇಲೆ ಮೇಡಂ ಎದ್ದು ಮತ್ತೆ ಬರೆದರು. ಮ್ಯಾನೇಜರ್ ಬೋರ್ಡನ್ನೇ ಎತ್ತಿಸಿದರು. ಮೇಡಂ ಡೈರೆಕ್ಟರಿಗೆ ಒಂದೇ ಸಾಲಿನ ಮೇಲ್ ಕಳಿಸಿದರು, ಅದರಲ್ಲಿದ್ದದ್ದೂ ಆ ಸಂಖ್ಯೆಯೇ. ಆ ವಾರವೇ ಅವರ ಕೈಯಿಂದ ಉಗ್ರಾಣದ ಬೀಗದ ಕೈ ಕಿತ್ತುಕೊಂಡು, ಹಳೇ ಪ್ರಾಜೆಕ್ಟುಗಳ ಕೈಪಿಡಿ ತಿದ್ದುವ ಕೆಲಸಕ್ಕೆ ಕೂರಿಸಿದರು. ಅಲ್ಪವಿರಾಮ ಹಾಕುವ ಕೆಲಸ! ಯಾರೂ 'ಹೋಗಿ' ಅನ್ನಲಿಲ್ಲ. ಹೋಗುವ ಹಾಗೆ ಮಾಡಿದರು. ಎರಡು ತಿಂಗಳಿಗೆ ರಾಜೀನಾಮೆ ಬರೆದರು.

ಇಡೀ ಫ್ಲೋರಿನಲ್ಲಿ ನಾವು ಮೂವತ್ತು ಮೂವತ್ತೈದು ಜನ ಇದ್ದೆವಲ್ಲ, ಒಬ್ಬನಾದರೂ ಎದ್ದು 'ಇದು ಸರಿಯಿಲ್ಲ' ಅಂದನಾ? ಎಲ್ಲರೂ ಬಹಳ ಒಳ್ಳೆಯವರು. ಒಳಗೊಳಗೇ ಬೇಜಾರು ಮಾಡಿಕೊಂಡೆವು. ನನ್ನ ಅತ್ತೆಗೋಸ್ಕರ ಅವರು ಬೋರ್ಡಿನಲ್ಲಿ ಬರೆದರು, ನಾನು ಅವರಿಗೋಸ್ಕರ ಒಂದು ಮೇಲ್ ಕೂಡ ಬರೆಯಲಿಲ್ಲ.

ಬೀಳ್ಕೊಡುಗೆಯ ದಿನ ಕೇಕು, ಶಾಲು, ಆ ಬೇಸಿಕಲಿ ಭಾಷಣ. ಡೈರೆಕ್ಟರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು, ಹೂಗುಚ್ಛ ಕೊಡೋಕೆ! ಭಾಷಣ ಮುಗಿದ ಮೇಲೆ ಮ್ಯಾನೇಜರ್, "ಈಗ ಬೇಸಿಕಲಿ ನಮ್ಮ ಹೀರೋ, ಮೇಡಂ ಮಿಮಿಕ್ರಿ ಮಾಡ್ತಾನೆ" ಅಂತ ನನ್ನ ಕಡೆ ಕೈ ತೋರಿಸಿದರು. ಹಿಂದಿನಿಂದ ನನ್ನ ಗೆಳೆಯ, "ಮಗಾ, ವಡಿ ಡೈಲಾಗ್ ಹೊಡಿಯೋ!" ಅಂತ ಕೂಗಿದ.

ಎದ್ದೆ. ಯಾರದೋ ಕನ್ನಡಕ ಇಸಕೊಂಡು ಹಣೆಗೇರಿಸಿದೆ. ಪೆನ್ನು ಗಾಳಿಯಲ್ಲಿ ನಿಲ್ಲಿಸಿದೆ. ಅಷ್ಟಕ್ಕೇ ನಗು ಶುರು. ಮ್ಯಾನೇಜರ್ ಕಡೆ ತಿರುಗಿದೆ.

"ಸ್ಕ್ರೀನ್ ಛಲೋ ಆಗೇತ್ರಿ ಸರ. ಒಟ್ಟ ಎಷ್ಟ ಅದಾವ?"

ಮ್ಯಾನೇಜರ್ ಆಟಕ್ಕೆ ಆಟ ಅಂತ ನಗುತ್ತಾ, "ಟ್ವೆಂಟಿ, ಮೇಡಂ!" ಅಂದರು. ಹೋ ಅಂತ ನಗು.

"ಅದು ಪುಟಕ್ಕರೀ ಸರ. ನಾ ಕೇಳಿದ್ದು ಒಟ್ಟ."

ನಗು ಅರ್ಧ ಆಯಿತು. ನಾನು ಪೆನ್ನು ಇಳಿಸಲಿಲ್ಲ. ಅವರು ಹೇಗೆ ಕಾಯುತ್ತಿದ್ದರೋ ಹಾಗೇ ಕಾದೆ. ಡೈರೆಕ್ಟರ್ ಕೇಕನ್ನು ನೋಡತೊಡಗಿದರು. ಯಾರೋ ಕೆಮ್ಮಿದರು, ಕಾಫಿ ಮೆಷೀನೂ ಕೆಮ್ಮಿತು. ಮ್ಯಾನೇಜರಿಗೆ ಮೊದಲ ಸಲ 'ಬೇಸಿಕಲಿ' ಕೂಡ ಸಿಗಲಿಲ್ಲ. ಆಗ ಶಾಲು ಹೊದ್ದು ಕೂತಿದ್ದ ನಿಜವಾದ ಮೇಡಂ, ನನ್ನದಕ್ಕಿಂತ ಮೆಲ್ಲನೆಯ ದನಿಯಲ್ಲಿ ಹೇಳಿದರು.

"ಇವತ್ತ ಮುಂಜಾನೆ ನಾಕ ಸಾವಿರದ ನಲವತ್ತೊಂದ ಅದಾವ. ಈ ತಮ್ಮ ಎಣಿಸಿ ಹೇಳ್ಯಾನ."

ಹೌದು, ಬೆಳಿಗ್ಗೆ ನಾನೇ ಎಣಿಸಿ ಅವರಿಗೆ ಕಳಿಸಿದ್ದೆ. ಈಗ ಮ್ಯಾನೇಜರ್ ನನ್ನನ್ನು ನೋಡಿದ ನೋಟ ಅಷ್ಟು ಬೇಗ ಮರೆಯುವಂಥದ್ದಲ್ಲ. ಮೇಡಂ ಎದ್ದು ಕೇಕಿನ ಚಾಕು ತೆಗೆದುಕೊಂಡರು. ಕತ್ತರಿಸುವ ಮುಂಚೆ ಬೆರಳು ಆಡಿಸಿ ರೂಮನ್ನು ಎಣಿಸಿದರು, ಡೈರೆಕ್ಟರನ್ನೂ ಬಿಡದೆ. ಆಮೇಲೆ ಬಾಗಿಲ ಹತ್ತಿರ ಹೋಗಿ ಹೊರಗೆ ಇಣುಕಿದರು. ಹೌಸ್‌ಕೀಪಿಂಗ್ ಹೆಂಗಸು, ಸೆಕ್ಯೂರಿಟಿಯವರು ನಿಂತಿದ್ದರು. "ಒಳಗ ಮೂವತ್ತಾರು, ಹೊರಗ ಇಬ್ಬರು. ಒಟ್ಟ ಮೂವತ್ತೆಂಟು" ಅಂದು ಮೂವತ್ತೆಂಟು ತುಂಡು ಮಾಡಿದರು. ಮೊದಲೆರಡು ತುಂಡು ಹೊರಗೆ ಹೋದವು.

ಇವತ್ತು ಭಾನುವಾರ, ಬಾಗಲೂರಿಗೆ ಹೋದೆ. ಅಷ್ಟು ದಿನ ಅತ್ತೆಗೆ 'ಬರತ್ತೆ, ಬರತ್ತೆ' ಅಂತ ತಳ್ಳಿಕೊಂಡು ಬಂದಿದ್ದೆ. ಇಳಿಜಾರು ಒಣಗಿ ಬೆಳ್ಳಗಾಗಿತ್ತು. ಬೀದಿ ನಾಯಿಯೊಂದು ಅದರ ಮೇಲೆ ಉದ್ದಕ್ಕೆ ಮಲಗಿತ್ತು. ಅತ್ತೆಯ ಕಾಲ ಹತ್ತಿರ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ: ಮಂಜೂರಾಗಿಲ್ಲ, ಪೂರ್ತಿ ನೋಡದೆ ಹೇಳಿಬಿಟ್ಟೆ, ನಿನ್ನ ಅರ್ಜಿ ದಿನಾ ಕೆಳಕ್ಕೆ ಹೋಗುತ್ತಿದೆ.

ಅತ್ತೆ ನನ್ನ ತಲೆಗೊಂದು ಮೊಟಕಿದರು. "ಥೂ ನಿನ್ ಮಕ್ಕೆ! ಊರ್ಗೆಲ್ಲಾ ಯೇಳ್ಕಂಡ್ ಕುಂತಿದ್ನಲ್ಲೋ."

"ನಾನೇ ಕೊಡಿಸ್ತೀನಿ ಅತ್ತೆ. ಕಂತಲ್ಲಿ ತಗಳ್ಳಣ."

ಅತ್ತೆ ಡೈರಿ ಕಡೆ ನೋಡುತ್ತಾ ಕೇಳಿದರು, "ನನ್ನಂಗೆ ಇನ್ನೂ ಎಷ್ಟ್ ಜನ ಅವ್ರ್ಲಾ ಅದ್ರಾಗೆ?"

ಗೊತ್ತಿತ್ತು, ಹೇಳಿದೆ. ನಾಲ್ಕು ಸಾವಿರದ ಮೇಲೆ.

"ನಾಕ್ ಸಾವ್ರನಾ?" ಅತ್ತೆ ಕುರ್ಚಿಯ ಕೈ ಹಿಡಿದು ನನ್ನ ಕಡೆ ಬಗ್ಗಿದರು. "ನಾನೊಬ್ಳೇ ಏನೋ ತಪ್ಪಾಗಿ ಅರ್ಜಿ ಆಕಿದ್ದೀನಿ ಅನ್ಕಂಡಿದ್ದೆ ಕಣ್ಲಾ. ಅಷ್ಟ್ ಜನ ಇದ್ರೆ ಒಬ್ರಾದ್ರೂ ಓಗಿ ಯಾಕ್ ಕೇಳಿಲ್ಲ?"

"ಅವ್ರೂ ಹಂಗೇ ಅನ್ಕೊಂಡಿರ್ತಾರೆ ಅತ್ತೆ. ಅಷ್ಟ್ ಜನ ಇದಾರೆ ಅಂತ ಯಾರಿಗೂ ಗೊತ್ತಿಲ್ಲ."

"ನೀನ್ ನಂಗ್ ಕೊಡುಸ್ತೀಯ. ಮಿಕ್ದೋರ್ಗೆ?" ಅಂದರು. ಆಮೇಲೆ ಒಳಗಿದ್ದ ಮಾವನನ್ನು ಕೂಗಿ, "ರೀ, ಆ ಚೀಟಿ ತಕ್ಕಂಬನ್ರಿ ದೇವ್ರ ಪಟದಿಂದೆ ಇರಾದು. ನಾಳಿಕ್ ಆಟೋಗೆ ಯೇಳ್ರಿ" ಅಂದರು.

ಮೇಡಂಗೆ ಫೋನ್ ಮಾಡಿ ಹೇಳಿದೆ. ಆ ಸಂಸ್ಥೆಯ ಆಫೀಸು ಹೆಬ್ಬಾಳದ ಹತ್ತಿರ. ಮೇಡಂ ತಾವೂ ಬರುತ್ತೇನೆ ಅಂದರು, ಯಲಹಂಕದಲ್ಲಿ ಹತ್ತಿಸಿಕೊಳ್ಳಬೇಕು. ಮ್ಯಾನೇಜರಿಗೆ ರಜೆ ಅರ್ಜಿ ಹಾಕಿದ್ದೇನೆ. 'ಕಾರಣ' ಅನ್ನುವ ಜಾಗದಲ್ಲಿ ಹುಷಾರಿಲ್ಲ ಅಂತ ಬರೆದಿದ್ದೆ, ಅಳಿಸಿ ನಿಜವಾದ ಕಾರಣ ಬರೆದೆ. ನಾಡಿದ್ದು ನನಗೆ ಕೈಪಿಡಿ ತಿದ್ದುವ ಕೆಲಸ ಸಿಕ್ಕರೆ ಆಶ್ಚರ್ಯವಿಲ್ಲ, ಅಲ್ಪವಿರಾಮ ಹಾಕೋಕೆ ನನಗೂ ಬರುತ್ತೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಆಟೋ. ಅತ್ತೆ, ಮಾವ, ಮೇಡಂ, ನಾನು. ಸದ್ಯಕ್ಕೆ ಒಟ್ಟು ನಾಲ್ಕು.